67 ಏಷ್ಯಾ: ಎಕ್ಸೆಲ್ ಲೆಕ್ಕದಲ್ಲಿ ದೂರ ಸರಿ, ದಿಕ್ಕು ಮಾತ್ರ ತಪ್ಪು

ಮುಗಿಲುನೋಟ:
ಎಲ್ಲರಿಗೂ ನಮಸ್ಕಾರ. 67 ಏಷ್ಯಾ ಕ್ಷುದ್ರಗ್ರಹದ ಸ್ಥಾನವನ್ನು ಎಕ್ಸೆಲ್‌ನಲ್ಲಿ ನಾನೇ ಲೆಕ್ಕ ಹಾಕಿ, ಆಮೇಲೆ ಟೆಲಿಸ್ಕೋಪಿನಲ್ಲಿ ಹುಡುಕುವ ಆಸೆ. ಸಿದ್ಧ ಆಪ್ ಬೇಡ. ನಾನು ಹಾಕಿದ ಅಂಕಿಗಳು: ಅರ್ಧ ದೀರ್ಘಾಕ್ಷ (ಕಕ್ಷೆಯ ಉದ್ದನೆಯ ವ್ಯಾಸದ ಅರ್ಧ) 2.42 ಖಗೋಳಮಾನ (ಭೂಮಿ-ಸೂರ್ಯರ ಸರಾಸರಿ ದೂರವೇ ಒಂದು ಖಗೋಳಮಾನ), ಉತ್ಕೇಂದ್ರತೆ (ಕಕ್ಷೆ ಎಷ್ಟು ಚಪ್ಪಟೆ ಎಂಬ ಅಳತೆ) 0.185, ಕಕ್ಷೆಯ ಓರೆ 6 ಡಿಗ್ರಿ, ಒಂದು ಸುತ್ತಿಗೆ 3.77 ವರ್ಷ (ಶೀಟಿನಲ್ಲಿ ಪೂರ್ತಿ ದಶಾಂಶಗಳಿವೆ). ಸೂರ್ಯನಿಂದ ದೂರ ಜೆಪಿಎಲ್ ಹೊರೈಜನ್ಸ್ (ಆಕಾಶಕಾಯಗಳ ಸ್ಥಾನ ಕೊಡುವ ನಾಸಾದ ಆನ್‌ಲೈನ್ ಸೇವೆ) ಜೊತೆ ಚೆನ್ನಾಗಿ ತಾಳೆ ಆಗ್ತಿದೆ. ಆದರೆ ಆಕಾಶದಲ್ಲಿ ಬೇರೆ ರಾಶಿಯನ್ನೇ ತೋರಿಸ್ತಿದೆ! ಭೂಮಿಯ ಸ್ಥಾನವನ್ನು ಕಳೆದಿದ್ದೇನೆ, ಡಿಗ್ರಿ-ರೇಡಿಯನ್ ಎರಡು ಸಲ ನೋಡಿದ್ದೇನೆ.

ಹಳೇದುರ್ಬೀನು:
ಗುರು ಗ್ರಹದ ಸೆಳೆತ ಸೇರಿಸಿಲ್ಲ ಅಲ್ವಾ? ಅದೇ ಇರಬೇಕು.

ಕೋನಮಾನ:
ಗುರುವಿನ ಮೇಲೆ ಅಪವಾದ ಬೇಡ ಸರ್. ಗುರುವಿನೊಂದಿಗೆ 3:1 ಅನುರಣನ (ಗುರು ಒಂದು ಸುತ್ತು ಹಾಕುವಾಗ ಮೂರು ಸುತ್ತು ಹಾಕುವ, ಗುರುವಿನ ಸೆಳೆತ ಜೋರಾಗಿ ತಟ್ಟುವ ಜಾಗ) ಇರುವುದು 2.5 ಖಗೋಳಮಾನದ ಹತ್ತಿರ, ಏಷ್ಯಾ ಅದಕ್ಕಿಂತ ಸೂರ್ಯನ ಕಡೆಗೆ ಇದೆ. ಕಕ್ಷಾ ಅಂಕಿಗಳು ಈಚಿನವಾದರೆ ಕೆಲವು ವಾರಗಳಲ್ಲಿ ರಾಶಿ ದಾಟುವಷ್ಟು ವ್ಯತ್ಯಾಸ ಬರುವುದಿಲ್ಲ.

ದೂರ ಸರಿ ಬರ್ತಿದೆ ಅಂದರೆ ಕೆಪ್ಲರ್ ಸಮೀಕರಣ (ಯಾವ ಹೊತ್ತಿಗೆ ಕಕ್ಷೆಯಲ್ಲಿ ಎಲ್ಲಿರುತ್ತದೆ ಎಂದು ತಿಳಿಸುವುದು) ಬಿಡಿಸಿದ್ದು ಸರಿಯಾಗಿಯೇ ಇದೆ. ದೂರಕ್ಕೆ x, y ಎರಡರ ವರ್ಗ ಕೂಡಿಸುತ್ತೀರಿ, ಅವು ಅದಲುಬದಲಾದರೂ ಉತ್ತರ ಅದೇ. ಕೋನಕ್ಕೆ ಹಾಗಲ್ಲ. ಒಂದು ಪರೀಕ್ಷೆ ಮಾಡಿ: ಮೀನ್ ಅನಾಮಲಿ (ಒಂದೇ ವೇಗದಲ್ಲಿ ಸುತ್ತುತ್ತದೆ ಅಂದುಕೊಂಡು ಲೆಕ್ಕ ಹಾಕುವ ಕೋನ) ಜಾಗದಲ್ಲಿ ಸೊನ್ನೆ ಹಾಕಿ. ಆಗ ಅದು ಪುರರವಿಯಲ್ಲಿ (ಸೂರ್ಯನಿಗೆ ಅತಿ ಹತ್ತಿರದ ಬಿಂದುವಿನಲ್ಲಿ) ಇರಬೇಕು, ದೂರ ಸುಮಾರು 1.97, ಟ್ರೂ ಅನಾಮಲಿ (ಪುರರವಿಯಿಂದ ಅದು ನಿಜವಾಗಿ ಸರಿದ ಕೋನ) ಸೊನ್ನೆ. ಎಷ್ಟು ಬರುತ್ತೆ?

ಮುಗಿಲುನೋಟ:
ದೂರ 1.97. ಟ್ರೂ ಅನಾಮಲಿ 90!

ಕೋನಮಾನ:
ಸಿಕ್ಕಿತು. ಪೈಥಾನ್ ಕೋಡ್ ನೋಡಿ ಸೂತ್ರ ಬರೆದಿದ್ದೀರಿ ಅಂತ ಕಾಣುತ್ತೆ. ಅಲ್ಲಿ ಏಟ್ಯಾನ್2 (x, y ಕೊಟ್ಟರೆ ಕೋನ ಹೇಳುವ ಫಂಕ್ಷನ್) ಮೊದಲು y ಕೇಳುತ್ತೆ, ಎಕ್ಸೆಲ್ ಮೊದಲು x ಕೇಳುತ್ತೆ. ಕೊನೆಯಲ್ಲಿ ಆರ್.ಎ. (ರೈಟ್ ಅಸೆನ್ಷನ್, ಆಕಾಶದ ಪೂರ್ವ-ಪಶ್ಚಿಮ ನಿರ್ದೇಶಾಂಕ) ತೆಗೆಯುವ ಸಾಲಿನಲ್ಲೂ ಅದೇ ಇರುತ್ತದೆ, ಅಲ್ಲೂ ತಿದ್ದಿ. ತಪ್ಪಾಗಿದೆ ಎಂಬ ಸಂದೇಶವನ್ನೂ ಎಕ್ಸೆಲ್ ಕೊಡದ ಕಾರಣ ಇದು ಬಹಳ ಜನರನ್ನು ಕಾಡುತ್ತದೆ.

ಮುಗಿಲುನೋಟ:
ಎರಡೂ ಕಡೆ ತಿದ್ದಿದೆ, ರಾಶಿ ಸರಿಹೋಯ್ತು, ತುಂಬಾ ಥ್ಯಾಂಕ್ಸ್. ಈಗ ಯಾವ ರಾತ್ರಿ ನೋಡಿದರೂ ಹೊರೈಜನ್ಸ್‌ಗಿಂತ ಮೂರೂವರೆ ಆರ್ಕ್‌ಮಿನಿಟಿನಷ್ಟು (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಪಶ್ಚಿಮಕ್ಕೆ ಇರುತ್ತೆ. ಬೆಳಕು ಬರುವ ಸಮಯ ಸೇರಿಸದ್ದಕ್ಕಾ?

ಕೋನಮಾನ:
ಅಲ್ಲ. 1.4 ಖಗೋಳಮಾನ ದೂರದಿಂದ ಬೆಳಕು ಬರಲು 12 ನಿಮಿಷ ಸಾಕು, ಅಷ್ಟರಲ್ಲಿ ಅದು ಸರಿಯುವುದು ಎಂಟು ಆರ್ಕ್‌ಸೆಕೆಂಡಿನ (ಆರ್ಕ್‌ಮಿನಿಟಿನ 60ನೇ ಒಂದು ಭಾಗ) ಆಸುಪಾಸು. ಸೂರ್ಯನಿಗೆ ಎದುರಿರುವಾಗ ಏಷ್ಯಾ ವಕ್ರಗತಿಯಲ್ಲಿ (ಹಿಮ್ಮುಖ ಚಲನೆಯಂತೆ ಕಾಣುತ್ತಾ) ದಿನಕ್ಕೆ ಕಾಲು ಡಿಗ್ರಿ ಪಶ್ಚಿಮಕ್ಕೆ ಹೋಗುತ್ತದೆ. ಮೂರೂವರೆ ಆರ್ಕ್‌ಮಿನಿಟ್ ಅಂದರೆ ಸುಮಾರು ಐದೂವರೆ ಗಂಟೆ. ಎಲ್ಲಿಯ ಐದೂವರೆ ಅಂತ ಹೇಳಬೇಕಾ? 😄 ವಿಶ್ವಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಸಮಯವನ್ನೇ ಜೂಲಿಯನ್ ದಿನಕ್ಕೆ (ಖಗೋಳ ಲೆಕ್ಕದಲ್ಲಿ ಬಳಸುವ ದಿನಗಳ ಎಣಿಕೆ) ಬದಲಿಸಿದ್ದೀರಿ. ಎಕ್ಸೆಲ್ ದಿನಾಂಕ ಸಂಖ್ಯೆಗೆ 2415018.5 ಕೂಡಿಸುವ ಮೊದಲು 5.5/24 ಕಳೆಯಿರಿ.

ಮುಗಿಲುನೋಟ:
ಆಯ್ತು ಸರ್, ಈಗ ಒಂದು ಆರ್ಕ್‌ಮಿನಿಟಿನ ಒಳಗೇ ಇದೆ.

ಹಳೇದುರ್ಬೀನು:
ನನ್ನ ಊಹೆ ಹೋಯ್ತು, ಇರಲಿ 🙂 ಆಯ್ಕೆ ಮಾತ್ರ ಚೆನ್ನಾಗಿದೆ. 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಇದನ್ನು ಕಂಡರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ, ಹೆಸರೂ ಅದಕ್ಕೇ. ಒಂದು ಕಾಂತಿಮಾನದ (ನಕ್ಷತ್ರಗಳ ಹೊಳಪಿನ ಅಳತೆ) ವ್ಯತ್ಯಾಸಕ್ಕೆ ನಾವು ಬಳಸುವ 2.512ರ ಅನುಪಾತವೂ ಇದೇ ಪಾಗ್ಸನ್ ಅವರದು. ಫೋಟೋ ತೆಗೆದು ಕ್ಷುದ್ರಗ್ರಹ ಹುಡುಕುವುದು 1891ರಲ್ಲಿ ಮ್ಯಾಕ್ಸ್ ವುಲ್ಫ್ ಅವರಿಂದ ಶುರುವಾಯ್ತು. ಅದಕ್ಕೂ ಮುಂಚೆ ಕಣ್ಣೇ ಗತಿ. ನೀವೂ ಹಾಗೇ ಮಾಡಿ: ನಕ್ಷತ್ರಗಳ ಚಿತ್ರ ಕಾಗದದ ಮೇಲೆ ಬರೆದುಕೊಳ್ಳಿ, ಮರುರಾತ್ರಿ ಅದೇ ಹೊತ್ತಿಗೆ ಮತ್ತೆ ನೋಡಿ. ಅರ್ಧ ಚಂದ್ರಬಿಂಬದಷ್ಟು ಅಗಲ ಸರಿದ ಚುಕ್ಕಿಯೇ ನಿಮ್ಮದು. ಚಂದ್ರ ಇಲ್ಲದ ರಾತ್ರಿ ಆರಿಸಿಕೊಳ್ಳಿ.