ಕೇಸ್ ಇಂಟರ್‌ವ್ಯೂದಾಗ ‘ಒಂದ್ ನಿಮಿಷ ಕೊಡ್ರಿ’ ಅಂದ್ರ ತಪ್ಪೇನ್ರಿ?

ಪ್ರಶ್ನೆ: ಕಲಬುರಗಿಯಿಂದ ಬರೀಲಿಕತ್ತೀನಿ. ನಿನ್ನೆ ಸೂಪರ್ ಮಾರ್ಕೆಟ್ ಹತ್ರ ರೂಮಿನಾಗ ಕೂತು ಕನ್ಸಲ್ಟಿಂಗ್ (ಕಂಪನಿಗಳಿಗೆ ಸಲಹಾ ಕೊಡೋ ಕೆಲಸ) ಇಂಟರ್‌ವ್ಯೂ ಕೊಟ್ಟೆ, ಆನ್‌ಲೈನ್. ಕೇಸು, ಅಂದ್ರ ಧಂದೆದ ಒಂದು ಸಮಸ್ಯಾ ಕೊಟ್ಟು ಅಲ್ಲೇ ಬಿಡಸ್ರಿ ಅನ್ನೋ ಪ್ರಶ್ನಿ, ಹಿಂಗಿತ್ತು: ಬೇಳಿ ಮಿಲ್ಲಿನ ಲಾಭ ಇಳದದ, ಯಾಕ? ನಮ್ಮಪ್ಪ ದಾಲ್ ಮಿಲ್ಲಿನಾಗೇ ಹಮಾಲಿ ಮಾಡ್ತಾನ! ಸುಮ್ಮನಿದ್ರ ದಡ್ಡ ಅಂತಾರಂತ ಗಡಬಡಿಸಿ ಹತ್ತು ಕಾರಣ ಒದರಿಬಿಟ್ಟೆ. ‘ಇದ್ರಾಗ ಮೊದ್ಲು ಯಾವ್ದು?’ ಅಂದ್ರು, ಬಾಯಿ ಕಟ್ತು.

ಉತ್ತರ: ಟೈಮ್ ಕೇಳ್ಬೇಕ್ರಿ, ಅದು ತಪ್ಪಲ್ಲ. ಪ್ರಶ್ನಿ ನಿಮ್ ಮಾತಿನಾಗ ತಿರುಗಿ ಹೇಳ್ರಿ, ಗುರಿ ಏನಂತ ಕೇಳ್ರಿ, ಆಮ್ಯಾಲ ‘ಒಂದು ನಿಮಿಷ ಬರ್ಕೋತೀನಿ’ ಅನ್ರಿ. ಶುರುವಿಗೆ 1-2 ನಿಮಿಷ ನಡೀತದ, ನಡುವ ಲೆಕ್ಕಕ್ಕ 30 ಸೆಕೆಂಡು. ಹಾಳಿ ಮ್ಯಾಲ ಎರಡೇ ಟೊಂಗಿ: ಆದಾಯ, ಖರ್ಚು. ಆದಾಯದ ಕೆಳಗ ದರ, ಮಾರಿದ ಕ್ವಿಂಟಲ್. ಖರ್ಚಿನ ಕೆಳಗ ತೊಗರಿ ಖರೀದಿ, ಕರೆಂಟು, ಕೂಲಿ. ಕ್ವಿಂಟಲ್ ತೊಗರಿಗಿ ಬೇಳಿ ಎಷ್ಟ್ ಇಳೀತದ ಅನ್ನೋದು ಮರೀಬ್ಯಾಡ್ರಿ.

ಇನ್ನೊಬ್ಬರು: ವಿಡಿಯೋದಾಗ ಹೇಳೇ ತಲಿ ಬಗ್ಗಸ್ರಿ. ನಾ ಹೇಳದೆ ಬರೀತ ಕೂತಿದ್ದೆ. ನೆಟ್ ಹೋಯ್ತಂತ ಅವ್ರು ‘ಹಲೋ, ಹಲೋ’ ಅಂತ ಕಾಲ್ ಕಟ್ ಮಾಡಿದ್ರು.

ಕೇಳಿದವ: ರಾತ್ರಿ ಅಪ್ಪಗ ಅದೇ ಕೇಸ್ ಹೇಳ್ದೆ. ಎಲಿಅಡಿಕಿ ಬಾಯಾಗಿಟ್ಕೊಂಡು ಜರಾ ಹೊತ್ತು ಸುಮ್ಮನ ಕೂತ. ಆಮ್ಯಾಲ ಒಂದೇ ಕೇಳ್ದ: ‘ನುಚ್ಚು ಎಷ್ಟ್ ಬಿತ್ತು?’