ಕುಂಬ್ಡಾಜೆಯ ಮನೆಗೆ ಕೇಬಲಿನವರ ಇಂಟರ್ನೆಟ್: ಹಣ ಕಟ್ಟುವ ಮೊದಲು ಏನೇನು ವಿಚಾರಿಸಬೇಕು?

ಕುಂಬ್ಡಾಜೆಯಿಂದ ಪ್ರಶ್ನೆ

ಕಾಸರಗೋಡು ಜಿಲ್ಲೆಯ ಕುಂಬ್ಡಾಜೆಯಲ್ಲಿ ನಮ್ಮ ಮನೆ ರಸ್ತೆಯಿಂದ ಸುಮಾರು 400 ಮೀಟರ್ ಒಳಗೆ, ಅಡಿಕೆ ತೋಟದ ಆಚೆ ಬದಿಯಲ್ಲಿದೆ. ಟಿ.ವಿ. ಕೇಬಲ್ ಕೊಡುತ್ತಿದ್ದವರೇ ಈಗ ಇಂಟರ್ನೆಟ್ ಕೂಡ ಕೊಡುತ್ತೇವೆಂದು ಬಂದು ಮಾತಾಡಿ ಹೋಗಿದ್ದಾರೆ. 100 ಎಂಬಿಪಿಎಸ್ ವೇಗ, ತಿಂಗಳಿಗೆ 599 ರೂಪಾಯಿ, ಆರು ತಿಂಗಳ ಹಣ ಮುಂಗಡ, ಲೈನ್ ಎಳೆಯುವುದಕ್ಕೂ ಮೋಡೆಮಿಗೂ ಸೇರಿ 1500 ರೂಪಾಯಿ ಬೇರೆ. ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ, ಮಗಳು ಪ್ಲಸ್ ಟು ಓದುತ್ತಾಳೆ. ಬಿಎಸ್ಎನ್ಎಲ್ ಫೈಬರ್ ಹಾಕಿಸಿ ಎನ್ನುವವರಿದ್ದಾರೆ, ಕೇರಳ ಸರಕಾರದ ಇಂಟರ್ನೆಟ್ ಜಾಲವಾದ ಕೆ-ಫೋನ್ ಬರುವವರೆಗೆ ಕಾಯಿರಿ ಎನ್ನುವವರೂ ಇದ್ದಾರೆ. ಈ ಭಾಗದಲ್ಲಿ ಬಳಸಿ ಅನುಭವವಿರುವವರು ಖರ್ಚು, ವೇಗ, ಸೇವೆಗಳ ಬಗ್ಗೆ ತಿಳಿಸಿದರೆ ಉಪಕಾರವಾದೀತು.

ನೀರ್ಚಾಲಿನಿಂದ

ನಮ್ಮ ಮನೆಯೂ ತೋಟದ ಒಳಗೇ ಇದೆ. ಮೊದಲು ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್, ಅನಂತರ ಟಿ.ವಿ. ಕೇಬಲಿನಲ್ಲೇ ಬರುವ ಇಂಟರ್ನೆಟ್, ಈಗ ಫೈಬರ್ ಎಂದು ಮೂರು ಬಗೆಯ ಸಂಪರ್ಕವನ್ನೂ ಬಳಸಿ ನೋಡಿದ್ದೇವೆ. ಆ ಅನುಭವದ ಮೇಲೆ ಹೇಳುವುದಾದರೆ, ನಮ್ಮಂಥ ಗುಡ್ಡ ಮತ್ತು ತೋಟದ ಊರಿನಲ್ಲಿ ಪ್ಯಾಕೇಜಿನಲ್ಲಿ ಬರೆದ ವೇಗಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಎರಡು ಸಂಗತಿಗಳನ್ನು: ಕಂಬದಿಂದ ನಿಮ್ಮ ಜಗಲಿಯವರೆಗೆ ಬರುವ ತಂತಿ ಯಾವುದು, ಅದು ತುಂಡಾದ ದಿನ ಜೋಡಿಸಲು ಬರುವವರು ಯಾರು.

ಕೇಬಲಿನವರ ಇಂಟರ್ನೆಟ್ ಎಂದರೆ ಎರಡು ಬಗೆ. ಒಂದು, ಟಿ.ವಿ.ಗೆ ಬರುವ ಅದೇ ದಪ್ಪ ಕಪ್ಪು ಕೇಬಲಿನೊಳಗಿನ ತಾಮ್ರದ ತಂತಿಯಲ್ಲಿ ಬರುವುದು. ಇನ್ನೊಂದು, ಗಾಜಿನ ಎಳೆಯಲ್ಲಿ ಮನೆಯವರೆಗೂ ಬರುವ ಫೈಬರ್. ಮೊದಲಿನದಕ್ಕೆ ದಾರಿಯುದ್ದಕ್ಕೂ ಅಲ್ಲಲ್ಲಿ ಸಿಗ್ನಲಿನ ಬಲ ಹೆಚ್ಚಿಸುವ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟು ಬೇಕು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ, ಆಚೆ ಗುಡ್ಡದ ಬದಿಯ ಆಂಪ್ಲಿಫೈಯರಿಗೆ ಕರೆಂಟು ಹೋದರೆ ಇಂಟರ್ನೆಟ್ ಹೋಯಿತೆಂದೇ ಲೆಕ್ಕ. ಅಲ್ಲದೆ ತಾಮ್ರವು ಸಿಡಿಲಿನ ಹೊಡೆತವನ್ನು ಮನೆಯೊಳಗೇ ತರುತ್ತದೆ. ಒಂದೇ ವರ್ಷದಲ್ಲಿ, ಮೇ ತಿಂಗಳ ಗುಡುಗಿಗೆ ಒಮ್ಮೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ಇನ್ನೊಮ್ಮೆ, ನಮ್ಮ ಮನೆಯ ಎರಡು ಮೋಡೆಮ್‌ಗಳು ಸುಟ್ಟವು. ಎರಡನೆಯ ಸಲ ಮೋಡೆಮಿನ ಜೊತೆಗೆ ಅದಕ್ಕೆ ಜೋಡಿಸಿದ್ದ ಕಂಪ್ಯೂಟರಿನ ಪೋರ್ಟ್ ಕೂಡ ಹೋಯಿತು. ಫೈಬರ್‌ನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಆ ದಾರಿಯ ಭಯ ಬಹಳಷ್ಟು ಕಡಿಮೆ. ಕೆಲವು ಫೈಬರ್ ಕೇಬಲುಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಅದನ್ನು ಗೋಡೆಯ ಹೊರಗೇ ಬಿಡಿಸಿ ಒಳಗೆ ಎಳೆ ಮಾತ್ರ ತರುವಂತೆ ಹೇಳಿ. ನಿಮ್ಮ 400 ಮೀಟರ್ ದೂರವೂ ಫೈಬರ್‌ಗೆ ಏನೇನೂ ಅಲ್ಲ. ಆದ್ದರಿಂದ ಬಂದವರನ್ನು ಮೊದಲು ಇದನ್ನೇ ಕೇಳಿ. ತಾಮ್ರವೆಂದಾದರೆ ಎಷ್ಟು ಅಗ್ಗವಾದರೂ ಬೇಡವೆಂದು ನನ್ನ ಅಭಿಪ್ರಾಯ.

ಖರ್ಚಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. 599 ಎಂದವರು ಶೇಕಡಾ 18ರ ಜಿ.ಎಸ್.ಟಿ.ಯನ್ನು ಸೇರಿಸಿ ಹೇಳಿದ್ದಾರೋ ಬಿಟ್ಟು ಹೇಳಿದ್ದಾರೋ ಎಂಬುದು ಮೊದಲ ಪ್ರಶ್ನೆ. ಬಿಟ್ಟು ಹೇಳಿದ್ದರೆ ತಿಂಗಳಿಗೆ 706 ರೂಪಾಯಿ 82 ಪೈಸೆ, ಆರು ತಿಂಗಳಿಗೆ ಸುಮಾರು 4241 ರೂಪಾಯಿ ಆಗುತ್ತದೆ. ಅದಕ್ಕೆ 1500 ಸೇರಿದರೆ 5741. ಆರು ತಿಂಗಳಲ್ಲೇ ಬಿಡಬೇಕಾಗಿ ಬಂದರೆ ನಿಮಗೆ ಬಿದ್ದದ್ದು ತಿಂಗಳಿಗೆ 957 ರೂಪಾಯಿ. ಹಾಗಾಗಿ ಮೋಡೆಮ್ ನಿಮ್ಮ ಸ್ವಂತದ್ದಾಗುತ್ತದೆಯೋ, ಬಿಡುವಾಗ ಹಿಂದೆ ಕೊಡಬೇಕೋ, ಕೊಟ್ಟರೆ ಹಣ ಮರಳಿ ಬರುತ್ತದೆಯೋ ಎಂಬುದನ್ನು ರಶೀದಿಯಲ್ಲೇ ಬರೆಸಿಕೊಳ್ಳಿ. ನಾವು ಬಾಯಿಮಾತನ್ನು ನಂಬಿ 2000 ರೂಪಾಯಿ ಠೇವಣಿ ಕಳೆದುಕೊಂಡವರು.

ಬಿಎಸ್ಎನ್ಎಲ್, ಕೆ-ಫೋನ್ ಎಂದು ಹೆಸರು ಬೇರೆ ಬೇರೆಯಾದರೂ ನಮ್ಮ ಹಳ್ಳಿಗಳಲ್ಲಿ ಕೊನೆಯ ಒಂದು ಕಿಲೋಮೀಟರ್ ಬಹುತೇಕ ಊರಿನವರ ಕೈಯಲ್ಲೇ ಇರುತ್ತದೆ. 2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್‌ನ ಮುಖ್ಯ ಲೈನುಗಳು ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಬಂದರೂ, ಮನೆಗಳಿಗೆ ಅದನ್ನು ಕೊಡುವುದು ಸ್ಥಳೀಯ ಕೇಬಲ್ ಆಪರೇಟರುಗಳ ಮೂಲಕ. ಬಿಎಸ್ಎನ್ಎಲ್ ಫೈಬರ್ ಕೂಡ ಊರಿನ ಪಾಲುದಾರರ ಮೂಲಕ ಬರುತ್ತದೆ. ಕೇರಳ ವಿಷನ್ ಎಂಬುದಂತೂ ಕೇಬಲ್ ಆಪರೇಟರುಗಳೇ ಸೇರಿ ಕಟ್ಟಿದ ಸಂಸ್ಥೆ. ಹೀಗಿರುವಾಗ ಒಂದೇ ಕಂಪನಿಯ ಬಗ್ಗೆ ಬದಿಯಡ್ಕದಲ್ಲಿ ಒಳ್ಳೆಯ ಮಾತು, ಮೂರು ಮೈಲಿ ಆಚೆ ಬರೀ ದೂರು ಕೇಳಿಬಂದರೆ ಆಶ್ಚರ್ಯವಿಲ್ಲ.

ಇದು ನನಗೆ ಅರಿವಾದದ್ದು ಒಂದು ಆಟಿ ತಿಂಗಳಲ್ಲಿ. ರಾತ್ರಿಯ ಗಾಳಿಗೆ ಒಂದು ಅಡಿಕೆ ಮರ ಲೈನಿನ ಮೇಲೆ ಮುರಿದು ಬಿತ್ತು, ಬೆಳಗ್ಗೆ ಎದ್ದು ನೋಡಿದರೆ ಮೋಡೆಮಿನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕಂಪನಿಯ ನಂಬರಿಗೆ ಒಂಬತ್ತು ದಿನ ಫೋನು ಮಾಡಿದೆ. ಪ್ರತಿಸಲವೂ "ನಿಮ್ಮ ದೂರು ದಾಖಲಾಗಿದೆ" ಎಂಬ ಉತ್ತರ. ಹತ್ತನೆಯ ದಿನ ನೆರೆಮನೆಯ ಮಾವ ಯಾರನ್ನೋ ಹಿಡಿದು ಲೈನ್ ಜೋಡಿಸುವ ಹುಡುಗನನ್ನೇ ಕರೆಸಿದರು. ತೋಟದ ಬದುವಿನಲ್ಲಿ ನಾನು ಕೊಡೆ ಹಿಡಿದು ನಿಂತೆ. ಅವನು ಮೊಣಕಾಲ ಮೇಲೆ ಸಣ್ಣ ಪೆಟ್ಟಿಗೆಯಂಥ ಯಂತ್ರವನ್ನಿಟ್ಟು, ಕಪ್ಪು ಹೊದಿಕೆಯನ್ನು ಸುಲಿದು, ಕೂದಲಿನಷ್ಟು ತೆಳ್ಳಗಿನ ಎಳೆಯ ಎರಡೂ ತುದಿಗಳನ್ನು ಸ್ಪಿರಿಟ್ಟಿನಲ್ಲಿ ಒರಸಿ, ನೇರವಾಗಿ ಕತ್ತರಿಸಿ, ಯಂತ್ರದ ಮುಚ್ಚಳ ಹಾಕಿದ. ಪುಟ್ಟ ಪರದೆಯ ಮೇಲೆ ಎರಡು ಗೆರೆಗಳು ಎದುರುಬದುರಾಗಿ ಬಂದು, ಒಂದು ಕಿಡಿ ಹಾರಿ, ಒಂದೇ ಗೆರೆಯಾದವು. ಅನಂತರ ಮನೆಗೆ ಬಂದು, ಎಳೆಯಲ್ಲಿ ಬರುವ ಬೆಳಕಿನ ಬಲವನ್ನು ಅಳೆಯುವ ಮೀಟರಿಗೆ ಜೋಡಿಸಿದಾಗ ಮೈನಸ್ 21 ಎಂದು ತೋರಿಸಿತು. ಆ ಅಂಕಿ ಮೈನಸ್ 25ರಿಂದ ಆಚೆಗೆ ಹೋಗಿ 27ರ ಹತ್ತಿರ ಬಂದರೆ ಸಂಪರ್ಕ ಪದೇ ಪದೇ ಕಡಿದುಹೋಗುತ್ತದೆಂದು ಅವನೇ ತಿಳಿಸಿದ. ಇಡೀ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ, ಅದಕ್ಕಾಗಿ ನಾವು ಕಾದದ್ದು ಹತ್ತು ದಿನ. ಆ ಹುಡುಗನ ನಂಬರು ಈಗ ನಮ್ಮ ಗೋಡೆಯ ಕ್ಯಾಲೆಂಡರಿನ ಮೇಲಿದೆ. ಲೈನ್ ಹಾಕಿಸುವ ದಿನ ನೀವೂ ಮೀಟರಿನ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಮುಂದೆ ತೊಂದರೆ ಬಂದಾಗ ಹೋಲಿಸಿ ನೋಡುವುದಕ್ಕೆ ಅದೊಂದೇ ಆಧಾರ.

ಉಪ್ಪಳದಿಂದ

ನೀರ್ಚಾಲಿನ ಅಣ್ಣನವರು ಹೇಳಿದ್ದು ಒಳನಾಡಿಗೆ ಸರಿಯಾದ ಮಾತು. ಪೇಟೆಯ ಬದಿಯಲ್ಲಿ ತೊಂದರೆಯ ರೂಪ ಬೇರೆ. ನಮ್ಮಲ್ಲಿ ತಂತಿ ತುಂಡಾಗುವುದು ಅಪರೂಪ, ಆದರೆ ಸಂಜೆ ಏಳರಿಂದ ಹತ್ತರವರೆಗೆ ವೇಗ ಇಳಿಯುತ್ತದೆ. 100 ಎಂಬಿಪಿಎಸ್ ಪ್ಯಾಕೇಜಿನಲ್ಲಿ ಬೆಳಗ್ಗೆ 90ರ ಮೇಲೆ ಇದ್ದದ್ದು ರಾತ್ರಿ ಎಂಟಕ್ಕೆ 12ಕ್ಕೆ ಇಳಿದದ್ದನ್ನು ಒಂದು ವಾರ ಬರೆದಿಟ್ಟು ಆಪರೇಟರಿಗೆ ತೋರಿಸಿದೆ. ಒಂದು ಫೈಬರ್ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿ ಕೊಡುತ್ತಾರೆ, ಆದರೆ ನಮ್ಮಲ್ಲಿ ಇಕ್ಕಟ್ಟಾದದ್ದು ಆ ಹಂಚಿಕೆಯಲ್ಲಿ ಅಲ್ಲ, ಆಪರೇಟರು ಮೇಲಿನವರಿಂದ ಕೊಂಡುಕೊಂಡ ಒಟ್ಟು ಸಾಮರ್ಥ್ಯ ಗಿರಾಕಿಗಳು ಹೆಚ್ಚಿದಂತೆ ಸಾಲದೆ ಹೋದದ್ದರಲ್ಲಿ. ಅವರು ಅದನ್ನು ಒಪ್ಪಿಕೊಂಡರು, ಆದರೆ ಸರಿಪಡಿಸಲಿಲ್ಲ. ನಾನು ಬೇರೆಯವರ ಸಂಪರ್ಕಕ್ಕೆ ಬದಲಾದೆ.

ವೇಗ ಅಳೆಯುವಾಗ ಮೊಬೈಲಿನಲ್ಲಿ ಅಳೆಯಬೇಡಿ, ಲ್ಯಾಪ್‌ಟಾಪನ್ನು ಮೋಡೆಮಿಗೆ ತಂತಿಯಲ್ಲೇ ಜೋಡಿಸಿ ಅಳೆಯಿರಿ, ಇಲ್ಲದಿದ್ದರೆ ದೋಷ ವೈಫೈಯದೋ ಲೈನಿನದೋ ಎಂದು ತಿಳಿಯುವುದಿಲ್ಲ. ಎಂಬಿಪಿಎಸ್ ಅಂಕಿಯನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಇಳಿಯುವ ಎಂಬಿ ಸಿಗುತ್ತದೆ. 40ರ ಲೈನಿನಲ್ಲಿ ಸೆಕೆಂಡಿಗೆ 5 ಎಂಬಿ ಇಳಿದರೆ ಅದು ಸರಿಯಾಗಿಯೇ ಇದೆ, ಮೋಸವಲ್ಲ. ನಿಮ್ಮ ಮಗನ ವಿಡಿಯೊ ಮೀಟಿಂಗಿಗೆ ಎರಡೂ ಕಡೆಗೆ ಮೂರು ನಾಲ್ಕು ಎಂಬಿಪಿಎಸ್ ಸ್ಥಿರವಾಗಿ ಸಿಕ್ಕಿದರೆ ಧಾರಾಳವಾಯಿತು. ಇಳಿಕೆಯ (ಡೌನ್‌ಲೋಡ್) ವೇಗದ ಜೊತೆಗೆ ಏರಿಕೆಯ (ಅಪ್‌ಲೋಡ್) ವೇಗವನ್ನೂ ಕೇಳಿ, ತಾಮ್ರದ ಕೇಬಲಿನಲ್ಲಿ ಅದು ತೀರಾ ಕಡಿಮೆಯಿರುತ್ತದೆ. "ಅನ್‌ಲಿಮಿಟೆಡ್" ಎಂದ ಪ್ಯಾಕೇಜುಗಳಿಗೂ ಹೆಚ್ಚಿನವುಗಳಲ್ಲಿ ತಿಂಗಳಿಗೆ 3300 ಜಿಬಿಯ ಆಸುಪಾಸಿನಲ್ಲಿ ಒಂದು ಮಿತಿ ಇರುತ್ತದೆ, ಅದು ದಾಟಿದ ಮೇಲೆ ವೇಗ ಇಳಿಸುತ್ತಾರೆ. ಐದು ಜನರ ನಮ್ಮ ಮನೆಯಲ್ಲಿ 400 ಜಿಬಿ ದಾಟಿದ್ದಿಲ್ಲ, ಆದ್ದರಿಂದ ಅದರ ಚಿಂತೆ ಬೇಡ.

ಮುಳ್ಳೇರಿಯದಿಂದ

ದೂರು ಕೊಡುವ ವಿಚಾರದಲ್ಲಿ ಒಂದು ಮಾತು ಸೇರಿಸುತ್ತೇನೆ. ಲೈನ್‌ನವನ ನಂಬರೊಂದನ್ನೇ ನಂಬಿಕೊಂಡು ಕಂಪನಿಗೆ ದೂರು ದಾಖಲಿಸುವುದನ್ನು ಬಿಡಬಾರದು. ಅವನು ಊರು ಬಿಟ್ಟು ಗಲ್ಫಿಗೆ ಹೋದರೆ ನಮಗೆ ಯಾರೂ ಇಲ್ಲ. ನಮ್ಮಲ್ಲಿ ಹಾಗೆಯೇ ಆಯಿತು.

ಪ್ರತಿಸಲ ದೂರು ಕೊಟ್ಟಾಗಲೂ ದೂರಿನ ಸಂಖ್ಯೆಯನ್ನು ಕೇಳಿ ಪಡೆಯಬೇಕು, ಅದನ್ನು ಕೊಡುವುದು ಅವರ ಕರ್ತವ್ಯ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರಿಗೆ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನಗಳೊಳಗೆ ತೀರ್ಮಾನಿಸಬೇಕು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಗುಣಮಟ್ಟದ ನಿಯಮದಲ್ಲಿ, ಲೈನು ಕೆಟ್ಟು ಮೂರು ದಿನಗಳೊಳಗೆ ಸರಿಯಾಗದಿದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದಿದೆ. ನಮಗೆ ಅದನ್ನು ತಾವಾಗಿ ಯಾರೂ ಕೊಡಲಿಲ್ಲ. ಹಳೆಯ ದೂರಿನ ಸಂಖ್ಯೆಗಳನ್ನೆಲ್ಲ ಬರೆದು ಪತ್ರ ಕಳುಹಿಸಿದ ಮೇಲೆ ವ್ಯಾಲಿಡಿಟಿಯನ್ನು ಹನ್ನೆರಡು ದಿನ ಮುಂದಕ್ಕೆ ಹಾಕಿದರು. ಪತ್ರಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು.

ಭಾಷೆಯ ವಿಚಾರವನ್ನೂ ಮುಚ್ಚಿಡದೆ ಹೇಳಬೇಕು. ನಮಗೆ ಮಲಯಾಳ ಮಾತಾಡಿ ಅಭ್ಯಾಸವಿದೆ, ಆದರೆ ಎಪ್ಪತ್ತೆಂಟು ವರ್ಷದ ನನ್ನ ತಾಯಿಗೆ ಇಲ್ಲ. ಮನೆಯಲ್ಲಿ ಅವರೊಬ್ಬರೇ ಇರುವಾಗ ಲೈನು ಹೋದರೆ ಕಂಪನಿಯ ನಂಬರಿಗೆ ಫೋನು ಮಾಡಿ ವಿಷಯ ತಿಳಿಸಲು ಅವರಿಂದಾಗುವುದಿಲ್ಲ. ಊರಿನ ಆಪರೇಟರಿಗಾದರೆ "ದೀಪ ಕೆಂಪಾಗಿದೆ ಮಗಾ" ಎಂದರೆ ಸಾಕಾಗುತ್ತದೆ. ಎರಡು ಸಂಪರ್ಕಗಳು ಉಳಿದೆಲ್ಲದರಲ್ಲಿ ಸಮವಾಗಿದ್ದರೆ ಈ ಒಂದು ಕಾರಣಕ್ಕೇ ನಾನು ಊರಿನವರನ್ನು ಆರಿಸುತ್ತೇನೆ.

ಕುಂಬ್ಡಾಜೆಯಿಂದ

ಮೂವರಿಗೂ ಕೃತಜ್ಞತೆಗಳು. ವಿಚಾರಿಸಿದೆ, ಕೊಡುವುದು ಫೈಬರ್ ಎಂದೇ ಹೇಳಿದರು. 599 ಜಿ.ಎಸ್.ಟಿ. ಬಿಟ್ಟು ಹೇಳಿದ ದರವಂತೆ. ಇನ್ನೊಂದು ಸಂಶಯವಿದೆ. ನಮ್ಮದು ಕೆಂಪುಕಲ್ಲಿನ ಹಳೆಯ ಮನೆ. ಮೋಡೆಮ್ ಚಾವಡಿಯಲ್ಲಿಟ್ಟರೆ ಮಹಡಿಯ ಮೇಲಿನ ಮಗನ ಕೋಣೆಗೆ ಸಿಗ್ನಲ್ ಸಿಕ್ಕೀತೇ? ಮಳೆಗಾಲದಲ್ಲಿ ಕರೆಂಟು ಹೋದಾಗ ಏನು ಮಾಡಬೇಕು?

ನೀರ್ಚಾಲಿನಿಂದ

ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನ ಗೋಡೆಯನ್ನು, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದ ಗೋಡೆಯನ್ನು, ವೈಫೈ ದಾಟುವುದು ಕಷ್ಟ. ವೈಫೈಯ ಎರಡು ಬಗೆಯ ತರಂಗಗಳಲ್ಲಿ 5 ಗಿಗಾಹರ್ಟ್ಸ್‌ನದು ವೇಗವಾದರೂ ಒಂದು ಗೋಡೆಗೇ ಸೋಲುತ್ತದೆ, 2.4ರದು ನಿಧಾನವಾದರೂ ಸ್ವಲ್ಪ ದೂರ ಹೋಗುತ್ತದೆ. ನಾವು ಮೊದಲು ಸಿಗ್ನಲ್ ಹಿಗ್ಗಿಸುವ ಸಾಧನವೊಂದನ್ನು ತಂದು ಹಣ ಹಾಳು ಮಾಡಿದೆವು, ಕೊನೆಗೆ ಮೋಡೆಮಿನಿಂದ ಮಹಡಿಗೆ ಲ್ಯಾನ್ ಕೇಬಲ್ ಎಳೆಸಿ ಅಲ್ಲೊಂದು ಸಣ್ಣ ರೂಟರ್ ಇಟ್ಟ ಮೇಲೆ ನೆಮ್ಮದಿಯಾಯಿತು. ನಿಮ್ಮ ಮಗ ಕೆಲಸಕ್ಕೆ ಕುಳಿತುಕೊಳ್ಳುವ ಮೇಜಿನವರೆಗೂ ತಂತಿಯೇ ಬಂದರೆ ಇನ್ನೂ ಒಳ್ಳೆಯದು. ಲೈನ್ ಎಳೆಯುವ ದಿನವೇ ಅದನ್ನೂ ಮಾಡಿಸಿಕೊಳ್ಳಿ, ಆಮೇಲೆ ಅದೊಂದಕ್ಕಾಗಿ ಯಾರೂ ಬರುವುದಿಲ್ಲ.

ಫೈಬರ್ ಮೋಡೆಮಿಗೆ ಬೇಕಾಗುವ ಕರೆಂಟು ಬಹಳ ಕಡಿಮೆ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು, ಮೋಡೆಮಿನ ಅಡಾಪ್ಟರ್ ಎಷ್ಟು ವೋಲ್ಟಿನದೆಂದು ನೋಡಿ ತನ್ನಿ, ಹೆಚ್ಚಿನವು 12 ವೋಲ್ಟಿನವು. ಗುಡುಗು ಶುರುವಾದ ಕೂಡಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಫೈಬರ್ ತಂತಿಯಿಂದ ಅಪಾಯವಿಲ್ಲದಿದ್ದರೂ ಕರೆಂಟಿನ ಲೈನಿನಿಂದ ಸಿಡಿಲಿನ ಹೊಡೆತ ಬರುತ್ತದೆ.

ಹಣದ ವಿಚಾರದಲ್ಲಿ, ಆರು ತಿಂಗಳು ಬೇಡ, ಮೊದಲು ಒಂದು ತಿಂಗಳಿಗೆ ಕೊಡಿ ಎಂದು ಕೇಳಿ ನೋಡಿ. ತಿಂಗಳ ದರ ಐವತ್ತು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಅದಕ್ಕೂ ಮೊದಲು, ಇದೇ ಆಪರೇಟರಿನ ಇದೇ ಲೈನಿನಲ್ಲಿ ನಿಮಗಿಂತ ಆಚೆ ಇರುವ ಮನೆ ಯಾವುದೆಂದು ಅವರಿಂದಲೇ ತಿಳಿದು, ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಕಳೆದ ಮಳೆಗಾಲದಲ್ಲಿ ಅವರ ಮೋಡೆಮಿನಲ್ಲಿ ಕೆಂಪು ದೀಪ ಒಟ್ಟು ಎಷ್ಟು ದಿನ ಉರಿದಿತ್ತು, ಯಾರಿಗೆ ಫೋನು ಮಾಡಿದಾಗ ಬಂದು ಸರಿಮಾಡಿದರು ಎಂದು ಕೇಳಿ. ಆ ಮನೆಯವರು ಏನು ಹೇಳಿದರೆಂದು ಇಲ್ಲಿ ಬರೆಯಿರಿ. ನಮ್ಮ ಅಕ್ಕನ ಮನೆಯೂ ಕುಂಬ್ಡಾಜೆಯಲ್ಲೇ ಇದೆ, ಅವರೂ ಈಗ ಇದೇ ಯೋಚನೆಯಲ್ಲಿದ್ದಾರೆ.