ಪದಚರ್ಚೆ: ಪ್ಲಾಸ್ಟಿಕ್ ಕವಚದ ವೇಷಕ್ಕೆ ಕನ್ನಡದ ಮಾತು – ‘ಪಡಿಯಚ್ಚು’ ಹೊಂದುತ್ತದೆಯೇ? ‘ಕಣಕಾಲು’ ಎಲ್ಲಿಂದ ಎಲ್ಲಿಗೆ?

ಗೆಳೆಯರೇ, ನಮಸ್ಕಾರ.

ಅಣ್ಣನ ಮಗನಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅವನು ಸಾಗರದಲ್ಲಿ, ನಾನು ಬೆಂಗಳೂರಿನಲ್ಲಿ. ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಬರುವ ಬಿಳಿ ಕವಚದ ಸೈನಿಕ, ಸ್ಟಾರ್ಮ್‌ಟ್ರೂಪರ್, ನಿಮಗೆ ಗೊತ್ತಿರಬಹುದು. ಆ ವೇಷದ ಕಿಟ್ ಒಂದನ್ನು ಹೋದ ವರ್ಷ ನಾನು ಜೋಡಿಸಿದೆ. ಅದನ್ನು ನೋಡಿ ಅವನೂ ಒಂದು ತರಿಸಿಕೊಂಡ. ಹೇಗೆ ಮಾಡಬೇಕು ಎಂದು ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಕನ್ನಡದಲ್ಲಿ ಬರೆದೇ ಕಳಿಸೋಣ ಅಂತ ಕೂತೆ. ಎರಡನೇ ಸಾಲಿಗೇ ಪೆನ್ನು ನಿಂತಿತು. ಅದಕ್ಕೇ ಈ ಪತ್ರ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪದ ಹುಡುಕುವುದು ಕಷ್ಟ. ಪೆಟ್ಟಿಗೆ ತೆರೆದರೆ ಒಳಗೆ ಇರುವುದು ಬಿಳಿ ಎಬಿಎಸ್ ಪ್ಲಾಸ್ಟಿಕ್ಕಿನ ಚಿಪ್ಪುಗಳು. ಸುಮಾರು 2 ಮಿಲಿಮೀಟರ್ ದಪ್ಪ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡುತ್ತಾರೆ. ಅದನ್ನು ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆಯುತ್ತಾರೆ. ಒದ್ದೆ ಬಟ್ಟೆ ಮೈಗೆ ಅಂಟಿದ ಹಾಗೆ ಹಾಳೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಆರಿದ ಮೇಲೆ ಬಿಡಿಸಿದರೆ ಚಿಪ್ಪು ಸಿದ್ಧ. 1977ರಲ್ಲಿ ತೆರೆಕಂಡ ಮೊದಲ ಚಿತ್ರಕ್ಕೂ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಆಂಡ್ರ್ಯೂ ಐನ್ಸ್‌ವರ್ತ್ ಇದೇ ರೀತಿ ಹೆಲ್ಮೆಟ್ ಮತ್ತು ಕವಚ ತಯಾರಿಸಿದರು. ಕಿಟ್ಟಿನ ಚಿಪ್ಪುಗಳಿಗೆ ಸುತ್ತಲೂ ಬೇಡದ ಅಂಚು ಇರುತ್ತದೆ. ತೋಳು, ಕಾಲಿನ ಭಾಗಗಳು ಎರಡೆರಡು ಹೋಳು. ಅಂಚು ತೆಗೆದು, ಹೋಳು ಕೂಡಿಸಿ, ಪಟ್ಟಿ ಕಟ್ಟಿ, ಮೈಗೆ ಹೊಂದಿಸುವುದೆಲ್ಲ ನಮ್ಮ ಕೆಲಸ.

ಈಗ ಮೊದಲ ಪ್ರಶ್ನೆ. ಈ ಕೆಲಸ ಮಾಡುವವರ ಬಾಯಲ್ಲಿ ಸದಾ ಇರುವ ಮಾತು ‘ಸ್ಕ್ರೀನ್ ಅಕ್ಯುರೇಟ್’. ಅಂದರೆ ತೆರೆಯ ಮೇಲೆ ಕಂಡದ್ದು ಹೇಗಿತ್ತೋ ಹಾಗೇ ಇರಬೇಕು. 1997ರಲ್ಲಿ ಅಮೆರಿಕದಲ್ಲಿ ಆಲ್ಬಿನ್ ಜಾನ್ಸನ್ ಶುರು ಮಾಡಿದ ‘501ನೇ ಲೀಜನ್’ ಎಂಬ ವೇಷಧಾರಿಗಳ ಬಳಗ ಇದೆ. ಅಲ್ಲಿ ಸೇರಬೇಕಾದರೆ ವೇಷದ ಫೋಟೋ ಕಳಿಸಬೇಕು. ಒಂದೊಂದು ಭಾಗವೂ ಹೇಗಿರಬೇಕು ಅಂತ ಅವರು ಬರೆದಿಟ್ಟಿದ್ದಾರೆ. ಅದಕ್ಕೆ ಹೊಂದಿದರೆ ಮಾತ್ರ ಒಪ್ಪುತ್ತಾರೆ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ನಿಖರ’ ಅಂದರೆ ಅಳತೆ ಸರಿಯಾಗಿದೆ ಅನ್ನುವ ಅರ್ಥ ಬರುತ್ತದೆ, ಯಾವುದಕ್ಕೆ ಸರಿ ಅನ್ನುವುದು ಬರುವುದಿಲ್ಲ. ‘ನಕಲು’ ಅಂದರೆ ಪರೀಕ್ಷೆಯ ಚೀಟಿ, ಕಳ್ಳ ನೋಟು ನೆನಪಾಗುತ್ತದೆ. ಆರು ತಿಂಗಳು ರಾತ್ರಿ ಕೂತು ಮಾಡಿದ್ದನ್ನು ನಕಲು ಅನ್ನಲು ನನಗೆ ಮನಸ್ಸಿಲ್ಲ. ‘ಅಸಲಿನಂತೆ’ ಅನ್ನೋಣ ಅಂದರೆ ಇಲ್ಲಿ ಅಸಲು ಯಾವುದು? ಚಿತ್ರದಲ್ಲಿ ಇದ್ದದ್ದೂ ವೇಷವೇ, ಅದೂ ಪ್ಲಾಸ್ಟಿಕ್ಕಿನದೇ. ಗುಂಡು ತಡೆಯುವ ನಿಜವಾದ ಕವಚ ಎಲ್ಲಿಯೂ ಇರಲಿಲ್ಲ. ‘ತದ್ರೂಪ’ ಹತ್ತಿರ ಬರುತ್ತದೆ. ಆದರೆ ಹದಿನೇಳರ ಹುಡುಗ ಓದುವ ಕೈಪಿಡಿಯಲ್ಲಿ ಸ್ವಲ್ಪ ಭಾರವಾಯಿತು ಅಂತ ನನ್ನ ಅನಿಸಿಕೆ.

ಇನ್ನೂ ಒಂದು ತೊಡಕಿದೆ, ಅದೇ ಮುಖ್ಯ. ‘ಸ್ಕ್ರೀನ್ ಅಕ್ಯುರೇಟ್’ ಅಂದರೆ ಅಚ್ಚುಕಟ್ಟು ಅಂತ ಅರ್ಥವಲ್ಲ. ಮೂಲದ ತಪ್ಪುಗಳೂ ಬರಬೇಕು. ಆ ಹೆಲ್ಮೆಟ್ಟನ್ನು ನೆಟ್ಟಗೆ ಎದುರಿಗೆ ಇಟ್ಟು ನೋಡಿ, ಎಡಬಲ ಒಂದೇ ಥರ ಇಲ್ಲ. ಕೆನ್ನೆಯ ಕೊಳವೆಯ ಮೇಲಿನ ನೀಲಿ ಗೆರೆಗಳನ್ನು ಕೈಯಲ್ಲೇ ಬರೆದಿದ್ದರು, ಹಾಗಾಗಿ ಒಂದು ದಪ್ಪ, ಒಂದು ಸಣ್ಣ. ನಾನು ಮೊದಲ ಸಲ ಸ್ಟಿಕರ್ ತಂದು ಅಂಟಿಸಿದೆ. ಗೆರೆ ಬಹಳ ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ಬಂದದ್ದೇ ತಪ್ಪಾಗಿತ್ತು. ಕಿತ್ತುಹಾಕಿ, ಎನಾಮಲ್ ಬಣ್ಣ ಮತ್ತು ಸಣ್ಣ ಕುಂಚ ತಂದು, ಕೈ ನಡುಗಿದ ಹಾಗೆಯೇ ಬರೆದೆ. ಈಗ ಅದು ಸರಿಯಾಗಿದೆ. ಹೀಗೆ ಸೊಟ್ಟವನ್ನೂ ಸೊಟ್ಟವಾಗಿಯೇ ಉಳಿಸುವುದಕ್ಕೆ ನಮ್ಮಲ್ಲಿ ಪದ ಬೇಕು.

ನನಗೆ ಹೊಳೆದದ್ದು ‘ಪಡಿಯಚ್ಚು’. ಮಗುವನ್ನು ನೋಡಿ ‘ಅಪ್ಪನ ಪಡಿಯಚ್ಚು’ ಅನ್ನುತ್ತೇವೆ. ಅಲ್ಲಿ ಅಪ್ಪನ ಸೊಟ್ಟ ಮೂಗೂ ಸೇರಿರುತ್ತದೆ, ಅಲ್ವಾ? ಪಡಿನೆಳಲು, ಅಂದರೆ ಪ್ರತಿಬಿಂಬ, ಅದರಲ್ಲಿರುವ ‘ಪಡಿ’ಯೇ ಇದು. ಜೊತೆಗೆ ‘ಅಚ್ಚು’ ಇದೆ, ಈ ಚಿಪ್ಪುಗಳು ಹುಟ್ಟುವುದೇ ಅಚ್ಚಿನಿಂದ. ‘ಎರಕ ಹೊಯ್ದ ಹಾಗೆ’ ಅಂತಲೂ ಅನ್ನಬಹುದಿತ್ತು. ಆದರೆ ಎರಕ ಅಂದರೆ ಕರಗಿಸಿ ಹೊಯ್ಯುವುದು. ಇಲ್ಲಿ ಯಾರೂ ಏನನ್ನೂ ಹೊಯ್ಯುವುದಿಲ್ಲ, ಹಾಳೆಯನ್ನು ಎಳೆದು ಕೂರಿಸುತ್ತಾರೆ. ಓದುವವನಿಗೆ ತಪ್ಪು ಚಿತ್ರ ಕೊಟ್ಟಂತಾಗುತ್ತದೆ. ಹಾಗಾಗಿ ‘ತೆರೆಯ ಪಡಿಯಚ್ಚು’ ಅಂತ ಬರೆದುಕೊಂಡಿದ್ದೇನೆ. ‘ಈ ತೋಳು ತೆರೆಯ ಪಡಿಯಚ್ಚು’, ‘ಈ ಗುಂಡಿ ತೆರೆಯ ಪಡಿಯಚ್ಚಾಗಿಲ್ಲ’. ಕಿವಿಗೆ ಹೇಗನಿಸುತ್ತದೆ? ‘ತೆರೆ’ಗೆ ಅಲೆ ಅನ್ನುವ ಅರ್ಥವೂ ಇದೆ, ಆದರೆ ಇಲ್ಲಿ ಗೊಂದಲ ಆಗಲಾರದು.

ಎರಡನೆಯದು, ಒಟ್ಟು ಉಡುಪಿಗೆ ಏನನ್ನಬೇಕು. ‘ಕವಚ’ ಎಲ್ಲರಿಗೂ ಗೊತ್ತು, ಕರ್ಣನಿಂದಾಗಿ. ಹಳೆಯ ಕಾವ್ಯಗಳಲ್ಲಿ ‘ಜೋಡು’ ಇದೆ, ತಲೆಗೆ ‘ಸೀಸಕ’ ಇದೆ. ಎರಡೂ ನನಗೆ ಬಹಳ ಇಷ್ಟ. ಆದರೆ ಈಗ ಜೋಡು ಅಂದರೆ ಕಾಲಿಗೆ ಹಾಕುವ ಜೋಡು. ‘ಜೋಡು ತೊಟ್ಟು ಬಾ’ ಅಂದರೆ ಹುಡುಗ ಚಪ್ಪಲಿ ಮೆಟ್ಟಿ ಬರುತ್ತಾನೆ. ಸೀಸಕವೂ ಬೇಡ, ಹೆಲ್ಮೆಟ್ ಇರಲಿ. ದಿನಾ ಸ್ಕೂಟರಿನಲ್ಲಿ ಹೋಗುವವರಿಗೆ ಅದು ಕನ್ನಡವೇ.

ಅಸಲಿಗೆ ನನ್ನ ಒಲವು ಯುದ್ಧದ ಪದಗಳ ಕಡೆ ಇಲ್ಲ, ಚೌಕಿಯ, ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಯ, ಪದಗಳ ಕಡೆ ಇದೆ. ಚಿಕ್ಕಂದಿನಲ್ಲಿ ಯಕ್ಷಗಾನದ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನು ನೋಡುತ್ತಿದ್ದೆ. ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಹಚ್ಚಿ ಮಾಡಿದ ಸಾಮಾನು. ದೂರಕ್ಕೆ ಚಿನ್ನ, ಹತ್ತಿರಕ್ಕೆ ಮರ. ನನ್ನ ಪ್ಲಾಸ್ಟಿಕ್ ಕವಚವೂ ಅದೇ ಜಾತಿಯದು. ಅದು ಯಾರನ್ನೂ ಕಾಯುವುದಿಲ್ಲ, ನೋಡುವವರಿಗೆ ಕವಚದ ಹಾಗೆ ಕಾಣುತ್ತದೆ. ಅಲ್ಲಿನ ಪದಗಳನ್ನು ಇಲ್ಲಿಗೆ ತಂದು ನೋಡಿದೆ. ಎದೆಯ ಚಿಪ್ಪಿಗೆ ‘ಎದೆಕಟ್ಟು’. ಹೆಗಲ ಮೇಲೆ ಗಂಟೆಯ ಹಾಗೆ ಕೂರುವುದಕ್ಕೆ ‘ಭುಜಕೀರ್ತಿ’. ರಟ್ಟೆಯ ಭಾಗಕ್ಕೆ ‘ತೋಳುಕಟ್ಟು’, ಮುಂಗೈಯದಕ್ಕೆ ‘ಕೈಕಟ್ಟು’, ಸೊಂಟಕ್ಕೆ ‘ಡಾಬು’. ಹೆಚ್ಚು ಕಡಿಮೆ ಎಲ್ಲ ಕೂತಿತು! ತೊಡೆಗೆ ಮಾತ್ರ ಚೌಕಿಯಲ್ಲಿ ಇಂಥ ಸಾಮಾನು ನಾನು ನೋಡಿದ್ದಿಲ್ಲ, ಅಲ್ಲಿ ಬಟ್ಟೆ ಇರುತ್ತದೆ. ಅದೇ ದಾರಿಯಲ್ಲಿ ‘ತೊಡೆಕಟ್ಟು’ ಅಂತ ಮಾಡಿಕೊಂಡೆ.

‘ಕಟ್ಟು’ ಪದದ ಮೇಲೆ ನನಗೆ ಇನ್ನೂ ಒಂದು ಪ್ರೀತಿ ಇದೆ. ಮನೆ ಕಟ್ಟುತ್ತೇವೆ, ಹಗ್ಗ ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ. ಈ ಕವಚವನ್ನು ಮೊದಲು ಮೇಜಿನ ಮೇಲೆ ಕಟ್ಟಬೇಕು, ಆಮೇಲೆ ಮೈಮೇಲೆ ಕಟ್ಟಬೇಕು. ಎರಡಕ್ಕೂ ಒಂದೇ ಕ್ರಿಯಾಪದ ಸಾಕು. ‘ಅಸೆಂಬಲ್ ಮಾಡು’, ‘ವೇರ್ ಮಾಡು’ ಅಂತ ಎರಡೆರಡು ಸಾಲ ತರಬೇಕಾಗಿಲ್ಲ.

ಕೆಲಸದ ಪದಗಳಲ್ಲಿ ನನಗೆ ಅಷ್ಟು ಕಷ್ಟವಾಗಲಿಲ್ಲ. ಬಡಗಿಗಳು, ದರ್ಜಿಗಳು ಬಹಳಷ್ಟನ್ನು ಆಗಲೇ ಕೊಟ್ಟಿದ್ದಾರೆ. ಪೆನ್ಸಿಲಿನಲ್ಲಿ ಎಳೆಯುವುದು ಗೀಟು. ಅದೇ ಗೀಟಿನ ಮೇಲೆ ಚೂಪು ಬ್ಲೇಡಿನಿಂದ ಎಳೆಯುವುದು ಗೀರು. ಗೀರಿ, ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಎಬಿಎಸ್ ಅಲ್ಲೇ ನೀಟಾಗಿ ಮುರಿಯುತ್ತದೆ. ಬಾಗಿದ ಕಡೆ ಗೀರುವುದು ಕಷ್ಟ, ಅಲ್ಲಿ ಕತ್ತರಿಯಿಂದ ಸವರಬೇಕು. ಗಿಡದ ರೆಂಬೆ ಸವರುವ ‘ಸವರು’ ಇಲ್ಲಿಗೆ ಸರಿಯಾಗಿ ಬರುತ್ತದೆ. ಅಂಚನ್ನು ಉಪ್ಪುಕಾಗದದಿಂದ ತೀಡಬೇಕು. ಎರಡು ಹೋಳು ಸೇರುವ ಜಾಗ ಸಂದು. ಅದರ ಮೇಲೆ ಅಂಟಿಸುವ ಬಿಳಿ ಪಟ್ಟಿ ‘ಸಂದುಪಟ್ಟಿ’. ತೋಳಿಗೆ 15 ಮಿಲಿಮೀಟರ್ ಅಗಲ, ಕಾಲಿನ ಮುಂದೆ 20, ಹಿಂದೆ 25 ಅಂತ ನಾವು ಹಾಕುತ್ತೇವೆ. ಕಟ್ಟುವ ಎಲಾಸ್ಟಿಕ್ಕಿಗೆ ‘ಕಸೆ’, ಸ್ನ್ಯಾಪ್ ಗುಂಡಿಗೆ ದರ್ಜಿ ಹೇಳುವ ‘ಟಿಚ್ ಬಟನ್’.

‘ಅಂಟಿಸು’ ಮತ್ತು ‘ಬೆಸೆ’ ಇವೆರಡನ್ನು ಬೇರೆ ಬೇರೆ ಇಟ್ಟಿದ್ದೇನೆ, ಬೇಕೆಂದೇ. ಇ6000 ಅನ್ನುವ ಅಂಟು ಒಣಗಿದ ಮೇಲೂ ರಬ್ಬರಿನ ಹಾಗೆ ಇರುತ್ತದೆ. ಒಂದು ದಿನವಾದರೂ ಕ್ಲಾಂಪು, ಅಯಸ್ಕಾಂತ ಹಾಕಿ ಒತ್ತಿ ಇಡಬೇಕು. ತಪ್ಪಾದರೆ ಮೆಲ್ಲಗೆ ಬಿಡಿಸಬಹುದು. ಇದು ಅಂಟು. ಇನ್ನೊಂದು ಬಗೆಯ ದ್ರವ ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತದೆ, ಮತ್ತೆ ಬಿಡಿಸಲಾಗದು. ಇದು ಬೆಸುಗೆ. ಕೈಪಿಡಿಯಲ್ಲಿ ‘ಅಂಟಿಸು, ಬೆಸೆಯಬೇಡ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಾನು ಎಡದ ತೊಡೆಕಟ್ಟಿನ ಒಂದು ಹೋಳಿಗೆ ಬಲದ ಹೋಳನ್ನು ಅಂಟಿಸಿ, ಬೆಳಿಗ್ಗೆ ಎದ್ದು ನೋಡಿ ಗಾಬರಿಯಾಗಿದ್ದೆ. ಅಂಟಾಗಿದ್ದರಿಂದ ಉಳಿಯಿತು. ಬಿಡಿಸುವಾಗ ಅಂಚು ಒಂದಿಷ್ಟು ಸೀಳಿತು. ಕತ್ತರಿಸಿ ಉಳಿದ ಚೂರುಗಳನ್ನು ಅಸಿಟೋನಿನಲ್ಲಿ ನೆನೆಹಾಕಿದರೆ ರಾಗಿ ಸರಿಯ ಹಾಗೆ ಆಗುತ್ತದೆ. ಅದನ್ನು ಬಿರುಕಿಗೆ ಮೆತ್ತಿ, ಒಣಗಿಸಿ, ತೀಡಿದೆ. ಈಗ ಹುಡುಕಿದರೂ ಗುರುತು ಸಿಗದು. ಅಸಿಟೋನ್ ಇರುವಲ್ಲಿ ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರದಿರಲಿ ಅಂತಲೂ ಅವನಿಗೆ ಬರೆದಿದ್ದೇನೆ. ಆ ಗಂಜಿಗೆ ‘ಸರಿ’ ಅಂತಲೇ ಹೆಸರಿಡಬಹುದೇ? ‘ಸರಿ ಮೆತ್ತು’ ಅಂದರೆ ನನಗೆ ಅರ್ಥವಾಗುತ್ತದೆ. ಆದರೆ ‘ಸರಿಯಾಗಿ ಮೆತ್ತು’ ಅಂತ ಓದಿಕೊಂಡಾನು ಅನ್ನುವ ಭಯ.

ಒಂದು ಪದಕ್ಕೆ ಮಾತ್ರ ತೃಪ್ತಿಯಿಲ್ಲ. ಚಿಪ್ಪಿನ ಅಂಚು ಒಳಗಡೆಗೆ ತಿರುಗಿರುವುದನ್ನು ಇಂಗ್ಲಿಷಿನಲ್ಲಿ ‘ರಿಟರ್ನ್ ಎಡ್ಜ್’ ಅನ್ನುತ್ತಾರೆ. ಅದು ಇದ್ದರೆ ಪ್ಲಾಸ್ಟಿಕ್ ದಪ್ಪವಾಗಿರುವ ಹಾಗೆ ಕಾಣುತ್ತದೆ. ಜಾಸ್ತಿ ಇದ್ದರೆ ಮಣಿಕಟ್ಟು, ಮೊಣಕೈ ಕಡೆ ಚರ್ಮ ಕೊರೆಯುತ್ತದೆ. ನಾನು ‘ಒಳಮಡಿಕೆ’ ಅಂದಿದ್ದೇನೆ. ಆದರೆ ಮಡಿಕೆ ಅಂದರೆ ಮಡಚಿದ್ದು. ಇದನ್ನು ಯಾರೂ ಮಡಚಿಲ್ಲ, ಅಚ್ಚಿನಲ್ಲೇ ಹಾಗೆ ಬಂದಿದೆ. ಇದಕ್ಕಿಂತ ಒಳ್ಳೆಯದು ಇದ್ದರೆ ಕೊಡಿ. ಕುಂಬಾರರು ಮಡಕೆಯ ಬಾಯಂಚಿಗೆ, ಕಂಚುಗಾರರು ತಟ್ಟೆಯ ತಿರುವಿದ ಅಂಚಿಗೆ ಬೇರೆ ಹೆಸರು ಇಟ್ಟುಕೊಂಡಿದ್ದಾರೆಯೇ? ಆ ಮನೆಗಳವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ.

ಪದದ ಅರ್ಥದ ಮಾತು ಬಂದಾಗ ಇನ್ನೊಂದು ಹೇಳದೆ ಇರಲಾರೆ. ಈ ಹೆಲ್ಮೆಟ್ಟಿನ ಮೇಲೆ ಬ್ರಿಟನ್ನಿನಲ್ಲಿ ಸುಪ್ರೀಂ ಕೋರ್ಟಿನವರೆಗೂ ಮೊಕದ್ದಮೆ ನಡೆಯಿತು, ಚಿತ್ರ ತಯಾರಿಸಿದ ಲೂಕಸ್‌ಫಿಲ್ಮ್ ಕಂಪನಿ ಮತ್ತು ಐನ್ಸ್‌ವರ್ತ್ ನಡುವೆ. ಅಲ್ಲಿ ಒಂದು ಮುಖ್ಯ ಪ್ರಶ್ನೆ ಈ ಹೆಲ್ಮೆಟ್ ‘ಶಿಲ್ಪ’ವೇ ಅನ್ನುವುದಾಗಿತ್ತು. 1988ರ ಅವರ ಕಾಯಿದೆಯಲ್ಲಿ ಶಿಲ್ಪವಾದರೆ ಕೃತಿಸ್ವಾಮ್ಯದ ಹಕ್ಕು ಬಹಳ ಕಾಲ ಉಳಿಯುತ್ತದೆ. 2011ರಲ್ಲಿ ಕೋರ್ಟು ಅಲ್ಲ ಅಂದಿತು. ಅದು ಚಿತ್ರ ತೆಗೆಯಲು ಬೇಕಾದ ಉಪಯೋಗದ ವಸ್ತು, ಶಿಲ್ಪವಲ್ಲ ಎಂದು. ನಮ್ಮ ‘ಶಿಲ್ಪ’ ಇಷ್ಟು ಕಿರಿದಲ್ಲ. ಕಲ್ಲಿನ ಮೂರ್ತಿಯ ಜೊತೆಗೆ ಕೈಕೆಲಸದ ಜಾಣ್ಮೆಯೂ ಅದರಲ್ಲಿ ಸೇರಿತ್ತು. ಬಡಗಿ, ಅಕ್ಕಸಾಲಿ ಕೂಡ ಶಿಲ್ಪಿಗಳೇ. ಹಾಗಾದರೆ ಆ ತೀರ್ಪಿನ ಪದಕ್ಕೆ ಕನ್ನಡದಲ್ಲಿ ‘ಶಿಲ್ಪ’ ಅಂತ ಬರೆದರೆ ಅರ್ಥ ದಾರಿ ತಪ್ಪುವುದಿಲ್ಲವೇ? ‘ಮೂರ್ತಿಶಿಲ್ಪ’ ಅನ್ನಬೇಕೇ? ಕಾನೂನು ಬಲ್ಲವರು ತಿಳಿಸಿ.

ಇನ್ನು ಕಾಲಿನದು, ನನ್ನನ್ನು ಎರಡು ವಾರದಿಂದ ಕಾಡುತ್ತಿರುವುದು. ಮಂಡಿಯ ಕೆಳಗಿನಿಂದ ಪಾದದ ಮೇಲಿನವರೆಗೆ, ಮುಂದಿನ ಎಲುಬಿನ ಭಾಗಕ್ಕೆ ಒಂದು ಚಿಪ್ಪು. ಹಿಂದೆ ಮೀನಖಂಡಕ್ಕೆ ಇನ್ನೊಂದು. ಎಡಗಾಲಿನದಕ್ಕೆ ಮೇಲೆ ಮಂಡಿ ಕಾಯುವ ಭಾಗವೂ ಇದೆ. ಹಿಂದಿನದು ಸುಲಭ, ಮೀನಖಂಡ ಎಲ್ಲರಿಗೂ ಗೊತ್ತು. ಮುಂದಿನದಕ್ಕೆ? ನನ್ನ ಅಮ್ಮ ಆ ಜಾಗಕ್ಕೆ ‘ಕಣಕಾಲು’ ಅನ್ನುತ್ತಾಳೆ. ಮೆಟ್ಟಿಲಿಗೆ ಬಡಿದು ಕಣ್ಣಲ್ಲಿ ನೀರು ಬರುವ ಜಾಗ. ನಾನು ಧೈರ್ಯವಾಗಿ ‘ಕಣಕಾಲ್ಕಟ್ಟು’ ಅಂತ ಬರೆದೆ. ಕರಡು ಓದಿದ ಗೆಳೆಯನೊಬ್ಬ, ‘ಕಣಕಾಲು ಅಂದರೆ ಹರಡು, ಪಾದದ ಕೀಲು. ಅಲ್ಲಿ ಕಟ್ಟಿದರೆ ಶೂ ಹಾಕುವುದು ಹೇಗೆ?’ ಅಂದ. ಅವನ ಮನೆಯಲ್ಲಿ ಹಾಗೇ ಹೇಳುತ್ತಾರಂತೆ. ‘ಮೊಣಕಾಲು’ ಅಂದರೆ ಮಂಡಿ ಅಂತಾಗುತ್ತದೆ. ಸುಮ್ನೆ ‘ಕಾಲ್ಕಟ್ಟು’ ಅಂದರೆ ತೊಡೆಯೂ ಸೇರಿಕೊಳ್ಳುತ್ತದೆ.

ಚಿಪ್ಪು ಎಡ ಬಲ ಅದಲುಬದಲಾದರೆ ನನ್ನ ಹಾಗೆ ಅವನೂ ಒಂದು ರಾತ್ರಿ ಕಳೆದುಕೊಳ್ಳುತ್ತಾನೆ, ಮೇಲು ಕೆಳಗಾದರೆ ಒಂದು ಚಿಪ್ಪನ್ನೇ. ಅದಕ್ಕೇ ಇಷ್ಟು ಕೇಳುತ್ತಿದ್ದೇನೆ. ನಿಮ್ಮ ಊರಿನಲ್ಲಿ ಕಣಕಾಲು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ? ಮೀನಖಂಡದ ಎದುರಿನ ಎಲುಬಿಗೆ ನಿಮ್ಮ ಅಜ್ಜಿ ಏನನ್ನುತ್ತಾರೆ? ಊರಿನ ಹೆಸರು ಸೇರಿಸಿ ಬರೆಯಿರಿ. ಅವನು ಕಾಲಿನ ಚಿಪ್ಪು ಕೈಗೆತ್ತಿಕೊಳ್ಳಲು ಇನ್ನೂ ಮೂರು ವಾರವಿದೆ, ಈಗಷ್ಟೇ ಎದೆಕಟ್ಟಿನ ಅಂಚು ಸವರುತ್ತಿದ್ದಾನೆ.